ಭರಣಿಯೊಳಗೆ ಎಷ್ಟು ಅಡಿಕೆ? ಎಣಿಸದೆ ಹೇಳುವ ಲೆಕ್ಕ

ತೀರ್ಥಹಳ್ಳಿ ಕಡೆಯ ಒಂದು ಶಾಲೆಯಲ್ಲಿ ಮೊನ್ನೆ ಮಕ್ಕಳ ಸಂತೆ ಇತ್ತು. ಬಸಳೆ ಸೊಪ್ಪು, ಬಾಳೆಕಾಯಿ, ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ ಮಾರುತ್ತಿದ್ದ ಮಕ್ಕಳ ನಡುವೆ ಒಂದು ಬೆಂಚಿನ ಮೇಲೆ ದೊಡ್ಡ ಗಾಜಿನ ಭರಣಿ ಇಟ್ಟಿದ್ದರು. ಅದರ ತುಂಬ ಚಾಲಿ ಅಡಿಕೆ. ಪಕ್ಕದಲ್ಲಿ ಒಂದು ರಟ್ಟಿನ ಡಬ್ಬಿ, ಒಂದಿಷ್ಟು ಚೀಟಿ. ‘ಎಷ್ಟು ಅಡಿಕೆ ಇದೆ ಬರೆದು ಹಾಕಿ, ಹತ್ತಿರ ಬಂದವರಿಗೆ ಬಹುಮಾನ.’

ಚೀಟಿ ಬಿಚ್ಚಿದಾಗ ಕಂಡದ್ದು ವಿಚಿತ್ರ. ಒಬ್ಬರು 120 ಅಂದಿದ್ದರು, ಇನ್ನೊಬ್ಬರು 3000. ಹುಟ್ಟಿದಾಗಿನಿಂದ ಅಡಿಕೆ ಸುಲಿದವರು, ಒಣಗಿಸಿದವರು, ಮಂಡಿಗೆ ಹಾಕಿದವರೇ ಅಲ್ಲಿದ್ದದ್ದು. ಆದರೂ ಅಂದಾಜುಗಳ ನಡುವೆ 25 ಪಟ್ಟು ಅಂತರ. ಎಣಿಸಿದಾಗ ಸಿಕ್ಕಿದ್ದು 514.

ವಾಪಸು ಬರುವಾಗ ನನ್ನ ಅಕ್ಕನ ಮಗಳು ಕೇಳಿದಳು: “ಅಂದಾಜು ಅಂದ್ರೆ ಬಾಯಿಗೆ ಬಂದದ್ದು ಹೇಳೋದಾ ಮಾವ?”

ಅಲ್ಲ. ಅಂದಾಜಿಗೂ ಒಂದು ದಾರಿ ಇದೆ. ಆ ದಾರಿಯಲ್ಲಿ ಎಲ್ಲರೂ ಎಡವುವ ಜಾಗವೂ ಒಂದೇ: ಅಡಿಕೆ ಅಡಿಕೆಯ ನಡುವೆ ಇರುವ ಖಾಲಿ ಜಾಗ. ಅದನ್ನು ಅರ್ಥ ಮಾಡಿಕೊಂಡರೆ ಭರಣಿಯ ಅಡಿಕೆ, ಚೀಲದ ಕಾಳುಮೆಣಸು, ಕಣದ ಭತ್ತ, ಮನೆ ಕಟ್ಟುವಾಗಿನ ಜಲ್ಲಿ, ಎಲ್ಲವೂ ಒಂದೇ ಲೆಕ್ಕದೊಳಗೆ ಬರುತ್ತವೆ.

ಮೂರು ಪ್ರಶ್ನೆಗಳು

‘ಎಷ್ಟಿದೆ’ ಎಂಬ ಒಂದೇ ಪ್ರಶ್ನೆಗೆ ನೇರವಾಗಿ ಉತ್ತರ ಹುಡುಕಲು ಹೋದರೆ ತಲೆಗೆ ಏನೂ ಹೊಳೆಯುವುದಿಲ್ಲ. ಅದನ್ನು ಮೂರಾಗಿ ಒಡೆಯಬೇಕು. ಪಾತ್ರೆಯೊಳಗೆ ಎಷ್ಟು ಜಾಗ ಇದೆ? ಒಂದು ಅಡಿಕೆ ಎಷ್ಟು ಜಾಗ ಹಿಡಿಯುತ್ತದೆ? ಪಾತ್ರೆಯ ಜಾಗದಲ್ಲಿ ಅಡಿಕೆಗೆ ಸೇರಿದ್ದು ಎಷ್ಟು ಪಾಲು, ಗಾಳಿಗೆ ಸೇರಿದ್ದು ಎಷ್ಟು ಪಾಲು?

ಒಂದು ವಸ್ತು ಹಿಡಿಯುವ ಜಾಗಕ್ಕೆ ಗಾತ್ರ ಅಥವಾ ಘನಫಲ ಅನ್ನುತ್ತೇವೆ. ಒಂದು ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರದ ಪುಟ್ಟ ಪೆಟ್ಟಿಗೆಯ ಗಾತ್ರ 1 ಘನ ಸೆಂಟಿಮೀಟರ್. ಅದರಲ್ಲಿ ಸರಿಯಾಗಿ 1 ಮಿಲಿಲೀಟರ್ ನೀರು ಹಿಡಿಯುತ್ತದೆ. ಅಂಥ 1000 ಸೇರಿದರೆ 1 ಲೀಟರ್. ಹಾಗಾಗಿ ಪಾತ್ರೆಯ ಗಾತ್ರ ತಿಳಿಯಲು ಸೂತ್ರವೇ ಬೇಕೆಂದಿಲ್ಲ. ನೀರು ತುಂಬಿ ಅಳೆದರೆ ಸಾಕು.

ಪಾತ್ರೆ ಮುಟ್ಟುವ ಹಾಗಿಲ್ಲ ಎಂದಾಗ ಮಾತ್ರ ಅಳತೆಪಟ್ಟಿ ಬೇಕು. ದುಂಡನೆಯ ಭರಣಿಗೆ ಒಂದು ದಾರ ಸುತ್ತಿ ಸುತ್ತಳತೆ ತೆಗೆದು, ಅದನ್ನು 3.14ರಿಂದ ಭಾಗಿಸಿದರೆ ಅಡ್ಡಳತೆ, ಅಂದರೆ ವ್ಯಾಸ ಸಿಗುತ್ತದೆ. ವ್ಯಾಸದ ಅರ್ಧವನ್ನು ಅದರಿಂದಲೇ ಗುಣಿಸಿ, 3.14ರಿಂದ ಗುಣಿಸಿ, ಕೊನೆಗೆ ಎತ್ತರದಿಂದ ಗುಣಿಸಿದರೆ ಗಾತ್ರ. ಗಾಜಿನ ದಪ್ಪ ಕಳೆಯಲು ಮರೆಯಬಾರದು. ಹಳೆಯ ಭರಣಿಗಳ ತಳ ಒಳಗಡೆ ಉಬ್ಬಿರುತ್ತದೆ, ಕುತ್ತಿಗೆ ಸಣ್ಣದಾಗಿರುತ್ತದೆ, ಅದನ್ನೂ ನೋಡಬೇಕು.

ಖಾಲಿ ಎಂದು ಕಾಣದ ಖಾಲಿ ಜಾಗ

ಒಂದು ಲೋಟ ತುಂಬ ಅಕ್ಕಿ ತೆಗೆದುಕೊಂಡು ಅದಕ್ಕೆ ನಿಧಾನವಾಗಿ ನೀರು ಹಾಕಿ ನೋಡಿ. ಲೋಟ ತುಂಬಿದೆ ಎಂದು ನೀವು ಪ್ರಮಾಣ ಮಾಡಿ ಹೇಳುತ್ತಿದ್ದಿರಿ, ಆದರೂ ಅರ್ಧ ಲೋಟಕ್ಕೆ ಸ್ವಲ್ಪ ಕಡಿಮೆ ನೀರು ಒಳಗೆ ಹೋಗುತ್ತದೆ. ಆ ನೀರು ಹೋದದ್ದು ಕಾಳುಗಳ ನಡುವಿನ ಸಂದಿಗೆ. ಅಲ್ಲಿ ಮೊದಲು ಗಾಳಿ ಇತ್ತು, ನಮ್ಮ ಕಣ್ಣು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಪಾತ್ರೆಯ ಒಟ್ಟು ಜಾಗದಲ್ಲಿ ವಸ್ತುಗಳು ನಿಜವಾಗಿ ಹಿಡಿದಿರುವ ಭಾಗವನ್ನು ಇಲ್ಲಿ ‘ತುಂಬಿದ ಪಾಲು’ ಎಂದು ಕರೆಯೋಣ. ನೂರಕ್ಕೆ 60 ಎಂದರೆ 60 ಭಾಗ ವಸ್ತು, 40 ಭಾಗ ಗಾಳಿ. ಇಡೀ ಲೆಕ್ಕದ ಜೀವ ಇರುವುದು ಈ ಸಂಖ್ಯೆಯಲ್ಲಿ. ಆದ್ದರಿಂದ ಇದನ್ನು ಮನೆಯಲ್ಲೇ ಕಣ್ಣಾರೆ ನೋಡುವುದು ಒಳ್ಳೆಯದು. ಸೋದರ ಸೊಸೆ ಮತ್ತು ನಾನು ಮಾಡಿದ್ದನ್ನು ಹಾಗೇ ಹೇಳುತ್ತೇನೆ.

ಒಳ ವ್ಯಾಸ 10 ಸೆಂ.ಮೀ. ಇರುವ ಒಂದು ಗಾಜಿನ ಡಬ್ಬಿ ತೆಗೆದುಕೊಂಡೆವು. ಅದಕ್ಕೆ 16 ಸೆಂ.ಮೀ. ಎತ್ತರದ ತನಕ ಗೋಲಿ ಸುರಿದೆವು, ಸಾಮಾನ್ಯವಾಗಿ ಮಕ್ಕಳು ಆಡುವ 16 ಮಿಲಿಮೀಟರ್ ಗೋಲಿ. ಡಬ್ಬಿಯ ಅಷ್ಟು ಭಾಗದ ಗಾತ್ರ 5 × 5 × 3.14 × 16, ಅಂದರೆ ಸುಮಾರು 1257 ಘನ ಸೆಂಟಿಮೀಟರ್. ಒಂದು ಗೋಲಿಯ ಗಾತ್ರ ಸುಮಾರು 2.14. (ಗುಂಡಗಿನ ವಸ್ತುವಿಗೆ ಸುಲಭ ಲೆಕ್ಕ: ವ್ಯಾಸ × ವ್ಯಾಸ × ವ್ಯಾಸ ಎಂದು ಗುಣಿಸಿ, ಬಂದದ್ದರಲ್ಲಿ ಅರ್ಧಕ್ಕಿಂತ ಚೂರು ಹೆಚ್ಚು, 0.52 ಪಾಲು ತೆಗೆದುಕೊಂಡರೆ ಆಯಿತು.)

ಅವಳು ಮೊದಲು ನೇರವಾಗಿ ಭಾಗಿಸಿದಳು. 1257ನ್ನು 2.14ರಿಂದ ಭಾಗಿಸಿದರೆ 587. ಆಮೇಲೆ ಡಬ್ಬಿಗೆ ಅಳತೆ ಲೋಟದಿಂದ ನೀರು ಹಾಕಿದೆವು. ಗೋಲಿಗಳ ಮೇಲ್ಮಟ್ಟ ಮುಳುಗುವಷ್ಟರಲ್ಲಿ 530 ಮಿಲಿಲೀಟರ್ ಒಳಗೆ ಹೋಯಿತು. ಡಬ್ಬಿಯ ಸುಮಾರು 42 ಪಾಲು ಖಾಲಿ ಇತ್ತು ಎಂದಾಯಿತು. 1257ರಲ್ಲಿ 530 ಕಳೆದರೆ 727, ಅದನ್ನು 2.14ರಿಂದ ಭಾಗಿಸಿದರೆ 340. ನೀರು ಬಸಿದು ಹಜಾರದ ನೆಲದ ಮೇಲೆ ಹತ್ತತ್ತು ಗೋಲಿಯ ಗುಂಪು ಮಾಡಿ ಎಣಿಸಿದೆವು. ಮೂವತ್ತಮೂರು ಗುಂಪು, ಮೇಲೆ ಆರು. 336.

587 ಎಲ್ಲಿ, 336 ಎಲ್ಲಿ! ಗಾಳಿಯನ್ನು ಮರೆತರೆ ಎಷ್ಟು ದೂರ ಹೋಗುತ್ತೇವೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಸುರಿದರೆ 60, ಕುಕ್ಕಿದರೆ 64

ಇದು ನಮ್ಮ ಡಬ್ಬಿಯ ವಿಶೇಷವೇನೂ ಅಲ್ಲ. 1960ರಲ್ಲಿ ಜಿ. ಡಿ. ಸ್ಕಾಟ್ ಎಂಬ ವಿಜ್ಞಾನಿ ಪುಟ್ಟ ಉಕ್ಕಿನ ಗುಂಡುಗಳನ್ನು ಪಾತ್ರೆಗಳಿಗೆ ಸುರಿದು ಇದನ್ನೇ ಅಳೆದರು. ಸುಮ್ಮನೆ ಸುರಿದಾಗ ತುಂಬಿದ ಪಾಲು ನೂರಕ್ಕೆ ಸುಮಾರು 60. ಚೆನ್ನಾಗಿ ಅಲುಗಾಡಿಸಿದಾಗ ಸುಮಾರು 64. ಅದಾದ ಮೇಲೆ ಎಷ್ಟೇ ಕುಲುಕಿದರೂ ಹೆಚ್ಚು ಕಡಿಮೆ ಅಲ್ಲಿಗೇ ನಿಲ್ಲುತ್ತದೆ. ಒಂದು ಗುಂಡು ಕೆಳಗಿಳಿಯಬೇಕಾದರೆ ಪಕ್ಕದವು ಸರಿಯಬೇಕು, ಅವು ಸರಿಯಬೇಕಾದರೆ ಅವುಗಳ ಪಕ್ಕದವು ಸರಿಯಬೇಕು. ಕೊನೆಗೆ ಎಲ್ಲವೂ ಒಂದಕ್ಕೊಂದು ಆತುಕೊಂಡು ಬಿಗಿಯಾಗಿಬಿಡುತ್ತವೆ. ಜಾತ್ರೆಗೆ ಹೊರಟ ಬಸ್ಸಿನಲ್ಲಿ ಜನ ನಿಂತ ಹಾಗೆ: ಮಧ್ಯೆ ಜಾಗ ಇದೆ ಎಂದು ಕಂಡಕ್ಟರ್ ಕೂಗುತ್ತಿರುತ್ತಾರೆ, ಆದರೆ ಯಾರಿಗೂ ಒಂದು ಹೆಜ್ಜೆ ಇಡಲಾಗುವುದಿಲ್ಲ.

ಸೇರು, ಕೊಳಗ ಹಿಡಿದು ಅಳೆಯುತ್ತಿದ್ದ ಕಾಲದವರಿಗೆ ಈ 60–64ರ ವ್ಯತ್ಯಾಸ ಕೈಯಲ್ಲೇ ಗೊತ್ತಿತ್ತು. ಮೆಲ್ಲಗೆ ಸುರಿದ ಸೇರು ಬೇರೆ, ನೆಲಕ್ಕೆ ಕುಕ್ಕಿ ತುಂಬಿದ ಸೇರು ಬೇರೆ. ಬಾಯಿ ಮಟ್ಟಕ್ಕೆ ಸವರಿದ್ದು ಬೇರೆ, ಮೇಲೆ ಗೋಪುರ ನಿಲ್ಲಿಸಿದ್ದು ಬೇರೆ. ಗೇಣಿ ಅಳೆಯುವಾಗ, ಸಾಲದ ಭತ್ತ ವಾಪಸು ಕೊಡುವಾಗ ಯಾವ ರೀತಿ ಅಳೆಯಬೇಕು ಎಂಬುದಕ್ಕೇ ಮಾತು ಬೆಳೆಯುತ್ತಿತ್ತು. 20 ಕೊಳಗಕ್ಕೆ ಒಂದು ಖಂಡುಗ ಎಂದ ಮೇಲೆ, ಒಂದೊಂದು ಕೊಳಗದಲ್ಲಿ ನೂರಕ್ಕೆ ಐದಾರು ಹೆಚ್ಚು ಕಡಿಮೆಯಾದರೆ ಖಂಡುಗಕ್ಕೆ ಒಂದು ಕೊಳಗವೇ ಆಚೀಚೆ ಆಗುತ್ತದೆ. ಬಡ ಗೇಣಿದಾರನಿಗೆ ಅದು ಸಣ್ಣ ಮಾತಾಗಿರಲಿಲ್ಲ.

ಆದರೆ ನಮ್ಮ ಗೋಲಿ ಡಬ್ಬಿಯಲ್ಲಿ 60 ಕೂಡ ಬರಲಿಲ್ಲವಲ್ಲ, 58ಕ್ಕೇ ನಿಂತಿತು. ಕಾರಣ ಡಬ್ಬಿಯ ಗೋಡೆ. ನಯವಾದ ಗಾಜಿಗೆ ಗೋಲಿ ತಾಗಿ ಕೂತಾಗ ಅಲ್ಲಿ ದೊಡ್ಡ ಸಂದಿ ಉಳಿಯುತ್ತದೆ, ಅದನ್ನು ತುಂಬಲು ಇನ್ನೊಂದು ಗೋಲಿ ಗಾಜಿನೊಳಗೆ ತೂರಿ ಬರಲು ಸಾಧ್ಯವಿಲ್ಲ. ಗೋಲಿಗೆ ಹೋಲಿಸಿದರೆ ಡಬ್ಬಿ ಚಿಕ್ಕದಾದಷ್ಟೂ ಈ ನಷ್ಟ ಹೆಚ್ಚು. ನಮ್ಮ ಡಬ್ಬಿಯ ಅಗಲಕ್ಕೆ ಆರು ಗೋಲಿ ಮಾತ್ರ ಹಿಡಿಯುತ್ತಿತ್ತು. ಅದೇ ಡಬ್ಬಿಗೆ ಸಾಸಿವೆ ತುಂಬಿದರೆ ಗೋಡೆಯ ಲೆಕ್ಕ ನಗಣ್ಯ.

ಹಣ್ಣಿನಂಗಡಿಯವರ ಜಾಣ್ಮೆ

ಸುರಿಯುವುದನ್ನು ಬಿಟ್ಟು ಕೈಯಿಂದ ಜೋಡಿಸಿದರೆ? ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕಿತ್ತಳೆ, ಮೂಸಂಬಿ ಪೇರಿಸಿಡುವುದನ್ನು ನೋಡಿರುತ್ತೀರಿ. ಕೆಳಗಿನ ಸಾಲಿನ ಹಣ್ಣುಗಳ ನಡುವೆ ಆಗುವ ಗುಳಿಯಲ್ಲಿ ಮೇಲಿನ ಹಣ್ಣನ್ನು ಕೂರಿಸುತ್ತಾರೆ. ಹೀಗೆ ಮಾಡಿದಾಗ ತುಂಬಿದ ಪಾಲು ನೂರಕ್ಕೆ 74 ಆಗುತ್ತದೆ.

ಒಂದೇ ಅಳತೆಯ ಗುಂಡುಗಳನ್ನು ಇದಕ್ಕಿಂತ ಒತ್ತಾಗಿ ಜೋಡಿಸಲು ಸಾಧ್ಯವೇ ಇಲ್ಲ ಎಂದು 1611ರಲ್ಲಿ ಯೊಹಾನೆಸ್ ಕೆಪ್ಲರ್ ಹೇಳಿದರು, ಗ್ರಹಗಳ ಚಲನೆಯ ನಿಯಮ ಕೊಟ್ಟ ಅದೇ ಕೆಪ್ಲರ್. ಹೇಳಿದರೇ ಹೊರತು ಸಾಧಿಸಿ ತೋರಿಸಲಿಲ್ಲ. 1998ರಲ್ಲಿ ಅಮೆರಿಕದ ಥಾಮಸ್ ಹೇಲ್ಸ್ ಕಂಪ್ಯೂಟರಿನ ನೆರವಿನಿಂದ ಸಾಧನೆ ಮುಂದಿಟ್ಟರು. ಅದು ಎಷ್ಟು ಉದ್ದ ಇತ್ತೆಂದರೆ ಪರಿಶೀಲಿಸಿದ ಗಣಿತಜ್ಞರಿಗೇ ಪೂರ್ತಿ ಖಾತ್ರಿ ಹೇಳಲಾಗಲಿಲ್ಲ. ಕೊನೆಗೆ ಪ್ರತಿ ಹೆಜ್ಜೆಯನ್ನೂ ಕಂಪ್ಯೂಟರಿನಿಂದಲೇ ತಾಳೆ ನೋಡುವ ಕೆಲಸ 2014ರಲ್ಲಿ ಮುಗಿಯಿತು. ಹಣ್ಣಿನ ಗಾಡಿಯವರು ದಿನಾ ಬೆಳಿಗ್ಗೆ ಮಾಡುವ ಕೆಲಸವೇ ಸರಿ ಎಂದು ತೋರಿಸಲು 400 ವರ್ಷ ಹಿಡಿಯಿತು.

ಇಂಥ ಪೇರಿಕೆಯಲ್ಲಿ ಎಷ್ಟು ಹಣ್ಣಿದೆ ಎಂದು ಹೇಳುವುದಕ್ಕೆ ನಮ್ಮಲ್ಲಿ ಬಹಳ ಹಳೆಯ ಸೂತ್ರ ಇದೆ. ಕ್ರಿ.ಶ. 499ರ ಆರ್ಯಭಟೀಯದಲ್ಲಿ ಅದು ಬರುತ್ತದೆ. ತ್ರಿಕೋನದ ತಳದಿಂದ ಶುರುವಾಗಿ ತುದಿಯಲ್ಲಿ ಒಂದೇ ಹಣ್ಣು ಇರುವ ಗೋಪುರಕ್ಕೆ ಆರು ಸಾಲು ಇದ್ದರೆ, 6, 7, 8 ಈ ಮೂರನ್ನು ಗುಣಿಸಿ 6ರಿಂದ ಭಾಗಿಸಬೇಕು. 56 ಹಣ್ಣು. ತಳ ಚೌಕವಾಗಿದ್ದರೆ 6, 7, 13ನ್ನು ಗುಣಿಸಿ 6ರಿಂದ ಭಾಗಿಸಿದರೆ 91. ಮುಂದಿನ ಸಲ ಅಂಗಡಿ ಮುಂದೆ ನಿಂತಾಗ ಮೇಲಿನಿಂದ 1, 4, 9, 16 ಎಂದು ಕೂಡಿಸುತ್ತ ಹೋಗಿ, ತಾಳೆ ಬರುತ್ತದೆ.

ಅಡಿಕೆ ಗುಂಡಗಿಲ್ಲವಲ್ಲ?

ಇಲ್ಲ. ಚಾಲಿ ಅಡಿಕೆಯ ತಳ ಚಪ್ಪಟೆ, ತಲೆ ಉಬ್ಬು. ಭತ್ತ ಉದ್ದ, ತುದಿಯಲ್ಲಿ ಮೊನೆ. ಆಕಾರ ಬದಲಾದರೆ ತುಂಬಿದ ಪಾಲೂ ಬದಲಾಗುತ್ತದೆ, ಅದೂ ನಾವು ಎಣಿಸದ ದಿಕ್ಕಿನಲ್ಲಿ.

ಸ್ವಲ್ಪ ಚಪ್ಪಟೆಯಾದ ವಸ್ತುಗಳು ಗುಂಡುಗಳಿಗಿಂತ ಒತ್ತಾಗಿ ಕೂರುತ್ತವೆ. 2004ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು ಎಂ ಆಂಡ್ ಎಂ ಎಂಬ ಮಿಠಾಯಿಯನ್ನು, ನಮ್ಮ ಜೆಮ್ಸ್ ಥರದ್ದು, ಪಾತ್ರೆಗಳಿಗೆ ತುಂಬಿ ನೋಡಿದರು. ಗುಂಡುಗಳು 64ಕ್ಕೆ ನಿಲ್ಲುವಲ್ಲಿ ಇವು ಸುಮಾರು 68ರಿಂದ 71ರ ತನಕ ಹೋದವು. ಚಪ್ಪಟೆ ವಸ್ತುವಿಗೆ ತಿರುಗಿ, ವಾಲಿ ಸಂದಿಗೆ ಹೊಂದಿಕೊಳ್ಳುವ ಅನುಕೂಲ ಇದೆ. ಗುಂಡು ಎಷ್ಟು ತಿರುಗಿದರೂ ಅದೇ ಗುಂಡು.

ಹಾಗೆಂದು ಚಪ್ಪಟೆ, ಉದ್ದ ಅತಿಯಾದರೆ ಫಲ ತಿರುಗುಮುರುಗು. ಸೌದೆ ಚೂರುಗಳನ್ನು ಬುಟ್ಟಿಗೆ ಎಸೆದರೆ ಒಂದಕ್ಕೊಂದು ಅಡ್ಡಡ್ಡ ಬಿದ್ದು ಅರ್ಧ ಬುಟ್ಟಿ ಗಾಳಿಯೇ ತುಂಬಿರುತ್ತದೆ. ಭತ್ತವೂ ಹಾಗೆ. ಹೊಟ್ಟಿನ ಒರಟು ಮೈ, ಉದ್ದನೆ ಆಕಾರ ಸೇರಿ ಅರ್ಧದಷ್ಟು ಜಾಗ ಸಂದಿಗೇ ಹೋಗುತ್ತದೆ. ಅದೇ ಭತ್ತ ಅಕ್ಕಿಯಾದಾಗ ಚೀಲ ಅಷ್ಟು ಚಿಕ್ಕದಾಗುವುದಕ್ಕೆ ಹೊಟ್ಟು ಹೋದದ್ದರ ಜೊತೆಗೆ ನುಣುಪಾದ ಕಾಳು ಒತ್ತಾಗಿ ಕೂರುವುದೂ ಕಾರಣ.

ಭರಣಿಯ ಲೆಕ್ಕ

ಈಗ ಶಾಲೆಯ ಭರಣಿಗೆ ಬರೋಣ. ಅದನ್ನು ಮುಟ್ಟುವ ಹಾಗಿರಲಿಲ್ಲ, ಆದರೆ ದಾರ ಸುತ್ತಲು ಯಾರೂ ಬೇಡ ಅನ್ನುತ್ತಿರಲಿಲ್ಲ. ಗಾಜಿನ ದಪ್ಪ ಕಳೆದು ಒಳ ವ್ಯಾಸ 18 ಸೆಂ.ಮೀ., ಅಡಿಕೆ ತುಂಬಿದ ಎತ್ತರ 25 ಸೆಂ.ಮೀ. ಗಾತ್ರ 9 × 9 × 3.14 × 25, ಹತ್ತಿರ ಹತ್ತಿರ 6360 ಘನ ಸೆಂಟಿಮೀಟರ್. ಆರು ಲೀಟರಿಗೆ ಸ್ವಲ್ಪ ಹೆಚ್ಚು.

ಒಂದು ಅಡಿಕೆಯ ಗಾತ್ರಕ್ಕೆ ಮನೆಯ ಅಟ್ಟದಿಂದ ಅದೇ ಅಳತೆಯ 20 ಚಾಲಿ ತಂದೆವು. ಗೆರೆ ಇರುವ ಅಳತೆ ಪಾತ್ರೆಯಲ್ಲಿ ಅರ್ಧ ಲೀಟರ್ ನೀರು ಹಾಕಿ ಒಂದೊಂದಾಗಿ ಬಿಟ್ಟೆವು. ತೇಲುವಂತಿದ್ದರೆ ಕಡ್ಡಿಯಿಂದ ಒತ್ತಿ ಮುಳುಗಿಸಬೇಕು. ನೀರು ಸುಮಾರು 140 ಮಿಲಿಲೀಟರ್ ಮೇಲೇರಿತು. ಒಂದಕ್ಕೆ 7. ಅಡಿಕೆಯನ್ನು ಬೇಗ ತೆಗೆದು, ಬಟ್ಟೆಯಲ್ಲಿ ಒರೆಸಿ, ಮೊರದಲ್ಲಿ ಹರವಿ ಬಿಸಿಲಿಗೆ ಇಟ್ಟೆವು. ಒದ್ದೆ ಚಾಲಿ ಬೂಸ್ಟು ಹಿಡಿದರೆ ಅಕ್ಕ ಸುಮ್ಮನಿರುವವಳಲ್ಲ.

ತುಂಬಿದ ಪಾಲು ಎಷ್ಟು ಹಿಡಿಯಬೇಕು? ಚಪ್ಪಟೆ ಆಕಾರ ಅದನ್ನು ಮೇಲಕ್ಕೆ ಎಳೆಯುತ್ತದೆ. ಭರಣಿಯ ಗೋಡೆ ಮತ್ತು ಚಾಲಿಯ ಒರಟು ಮೈ ಕೆಳಕ್ಕೆ ಎಳೆಯುತ್ತವೆ. ಗೋಲಿಯಲ್ಲಿ ಸಿಕ್ಕ 58ನ್ನೇ ಇಟ್ಟುಕೊಂಡೆವು. 6360ರಲ್ಲಿ ನೂರಕ್ಕೆ 58 ಅಂದರೆ ಸುಮಾರು 3690. ಏಳರಿಂದ ಭಾಗಿಸಿದರೆ 527. ನಿಜವಾಗಿ ಇದ್ದದ್ದು 514. ನೂರಕ್ಕೆ ಮೂರು ಕೂಡ ತಪ್ಪಿಲ್ಲ.

ಎಲ್ಲಿ ತಪ್ಪಿದರೆ ಹೆಚ್ಚು ಪೆಟ್ಟು

ಎಲ್ಲ ತಪ್ಪುಗಳೂ ಒಂದೇ ತೂಕದವಲ್ಲ. ಎತ್ತರದಲ್ಲಿ ನೂರಕ್ಕೆ ಹತ್ತು ತಪ್ಪಿದರೆ ಉತ್ತರವೂ ಹತ್ತು ತಪ್ಪುತ್ತದೆ, ಅಷ್ಟೇ. ಭರಣಿಯ ವ್ಯಾಸದಲ್ಲಿ ಹತ್ತು ಹೆಚ್ಚಾದರೆ ಉತ್ತರ 21 ಹೆಚ್ಚುತ್ತದೆ, ಏಕೆಂದರೆ ವ್ಯಾಸ ಎರಡು ಸಲ ಗುಣಾಕಾರಕ್ಕೆ ಬರುತ್ತದೆ. ಕಾಳಿನ ಅಡ್ಡಳತೆಯಂತೂ ಮೂರು ಸಲ ಬರುತ್ತದೆ. ಅಲ್ಲಿ ಹತ್ತು ಹೆಚ್ಚಾದರೆ ಕಾಳಿನ ಗಾತ್ರ 33 ಹೆಚ್ಚಾಗಿ ಕಾಣುತ್ತದೆ.

ಅದಕ್ಕೇ ಒಂದೇ ಕಾಳನ್ನು ಸ್ಕೇಲಿನ ಮೇಲಿಟ್ಟು ಕಣ್ಣು ಕಿರಿದು ಮಾಡಿ ನೋಡುವುದು ಬೇಡ. ಇಪ್ಪತ್ತು ಕಾಳನ್ನು ಒಂದಕ್ಕೊಂದು ತಾಗಿಸಿ ಸಾಲಾಗಿ ಇಟ್ಟು, ಒಟ್ಟು ಉದ್ದವನ್ನು ಇಪ್ಪತ್ತರಿಂದ ಭಾಗಿಸಿ. ಓದುವಾಗಿನ ತಪ್ಪು ಇಪ್ಪತ್ತಕ್ಕೆ ಹಂಚಿಹೋಗುತ್ತದೆ.

ಏನೂ ಅಳೆಯುವ ಹಾಗಿಲ್ಲದಾಗ

ಕಣ್ಣಳತೆ ಬಿಟ್ಟು ಬೇರೇನೂ ಇಲ್ಲದಿದ್ದರೆ ಪದರಗಳನ್ನು ಎಣಿಸಬಹುದು. ತಳದ ಪದರದಲ್ಲಿ ಎಷ್ಟಿದೆ ನೋಡಿ, ಎಷ್ಟು ಪದರ ಇದೆ ನೋಡಿ, ಗುಣಿಸಿ. ಇಲ್ಲಿ ಒಂದು ಸೂಕ್ಷ್ಮ ಇದೆ. ನಮ್ಮ ಗೋಲಿ ಡಬ್ಬಿಯ ತಳದಲ್ಲಿ 27 ಗೋಲಿ ಇದ್ದವು. ಎತ್ತರ 16 ಸೆಂ.ಮೀ., ಗೋಲಿ 1.6, ಹಾಗಾದರೆ ಹತ್ತು ಪದರ, 270 ಎಂದುಕೊಳ್ಳುತ್ತೇವೆ. ಆದರೆ ಮೇಲಿನ ಪದರದ ಗೋಲಿ ಕೆಳಗಿನ ಗೋಲಿಯ ನೆತ್ತಿಯ ಮೇಲೆ ಕೂರುವುದಿಲ್ಲ, ನಡುವಿನ ಗುಳಿಗೆ ಇಳಿದು ಕೂರುತ್ತದೆ. ಹಾಗಾಗಿ ಪದರಗಳು ನಾವೆಣಿಸಿದ್ದಕ್ಕಿಂತ ಸುಮಾರು ಕಾಲು ಭಾಗ ಹೆಚ್ಚಿರುತ್ತವೆ. 270ಕ್ಕೆ ಅದರ ಕಾಲು ಭಾಗ ಸೇರಿಸಿದರೆ 337. ಎಣಿಕೆಗೆ ಎಷ್ಟು ಹತ್ತಿರ ನೋಡಿ.

ಅದೂ ಆಗದಿದ್ದರೆ ಇನ್ನೊಂದು ದಾರಿ. ‘ಖಂಡಿತ ಇದಕ್ಕಿಂತ ಹೆಚ್ಚಿದೆ’ ಎನ್ನಬಹುದಾದ ಒಂದು ಸಂಖ್ಯೆ, ‘ಖಂಡಿತ ಇದಕ್ಕಿಂತ ಕಡಿಮೆ’ ಎನ್ನಬಹುದಾದ ಇನ್ನೊಂದು ಸಂಖ್ಯೆ ಹಿಡಿಯಿರಿ. ಭರಣಿಗೆ 100 ಮತ್ತು 2500 ಅನ್ನೋಣ. ಇವೆರಡರ ನಡು ಎಂದು ಕೂಡಿ ಅರ್ಧ ಮಾಡಿದರೆ 1300 ಬರುತ್ತದೆ, ಅದು ದೊಡ್ಡ ಸಂಖ್ಯೆಯ ಕಡೆಗೇ ವಾಲಿದ್ದು. ಬದಲಿಗೆ ಎರಡನ್ನೂ ಗುಣಿಸಿ ವರ್ಗಮೂಲ ತೆಗೆಯಿರಿ. 500. ಇದು ನೂರರ ಐದು ಪಟ್ಟು, 2500ರ ಐದನೇ ಒಂದು. ಎರಡೂ ಕಡೆಯಿಂದ ಸಮಾನ ದೂರ. ಗೊತ್ತಿಲ್ಲದ ದೊಡ್ಡ ಪ್ರಶ್ನೆಗಳನ್ನು ಹೀಗೆ ತುಂಡು ಮಾಡಿ, ಮೇಲಿನ ಮಿತಿ ಕೆಳಗಿನ ಮಿತಿ ಹಿಡಿದು ಬಿಡಿಸುವುದಕ್ಕೆ ಭೌತವಿಜ್ಞಾನಿ ಎನ್ರಿಕೊ ಫರ್ಮಿಯ ಹೆಸರಿನಲ್ಲಿ ಫರ್ಮಿ ಅಂದಾಜು ಎಂಬ ಮಾತೇ ಇದೆ.

ಪಾತ್ರೆಯೇ ಇಲ್ಲದ ರಾಶಿ

ಕಣದಲ್ಲಿ ಸುರಿದ ಭತ್ತಕ್ಕೆ ಗೋಡೆಯೂ ಇಲ್ಲ, ಮುಚ್ಚಳವೂ ಇಲ್ಲ. ಅದನ್ನು ಅಳೆಯುವುದು ಹೇಗೆ? ಎರಡನೇ ಭಾಸ್ಕರಾಚಾರ್ಯರ ಲೀಲಾವತಿಯಲ್ಲಿ, 1150ರ ಕೃತಿ, ಇದಕ್ಕೆಂದೇ ಒಂದು ಭಾಗ ಇದೆ. ರಾಶಿಯ ಸುತ್ತಳತೆಯ ಆರನೇ ಒಂದು ಭಾಗ ತೆಗೆದು, ಅದನ್ನು ಅದರಿಂದಲೇ ಗುಣಿಸಿ, ಎತ್ತರದಿಂದ ಗುಣಿಸಿ ಎನ್ನುತ್ತಾರೆ. ಶಂಕುವಿನ ಗಾತ್ರಕ್ಕೆ ಇಂದಿನ ಶಾಲೆಯ ಸೂತ್ರ ಹಾಕಿದರೂ ಹೆಚ್ಚು ಕಡಿಮೆ ಅದೇ ಬರುತ್ತದೆ.

ಅಚ್ಚರಿ ಇರುವುದು ಮುಂದಿನ ಮಾತಿನಲ್ಲಿ. ಎತ್ತರವನ್ನು ಅಳೆಯಲೂ ಬೇಕಾಗಿಲ್ಲ. ದಪ್ಪ ಕಾಳಾದರೆ ಎತ್ತರ ಸುತ್ತಳತೆಯ ಹತ್ತನೇ ಒಂದು, ಸಣ್ಣ ಕಾಳಾದರೆ ಹನ್ನೊಂದನೇ ಒಂದು, ಭತ್ತದಂಥ ಮುಳ್ಳಿನ ಧಾನ್ಯವಾದರೆ ಒಂಬತ್ತನೇ ಒಂದು. ಸುರಿದ ಕಾಳು ಜಾರದೆ ನಿಲ್ಲುವ ಇಳಿಜಾರು ಆಯಾ ಧಾನ್ಯಕ್ಕೆ ಹೆಚ್ಚು ಕಡಿಮೆ ಒಂದೇ ಆಗಿರುತ್ತದೆ. ರಾಶಿ ದೊಡ್ಡದಾದರೆ ಅಗಲವಾಗುತ್ತದೆ, ಎತ್ತರವಾಗುತ್ತದೆ, ಇಳಿಜಾರು ಬದಲಾಗುವುದಿಲ್ಲ. ಒಂಬತ್ತನೇ ಒಂದು ಎಂದರೆ ಸುಮಾರು 35 ಡಿಗ್ರಿ ಇಳಿಜಾರು. ಒರಟು ಹೊಟ್ಟಿನ ಭತ್ತ ಒಂದನ್ನೊಂದು ಹಿಡಿದುಕೊಂಡು ಕಡಿದಾಗಿ ನಿಲ್ಲುತ್ತದೆ, ನುಣುಪಾದ ಸಾಸಿವೆ ಜಾರಿ ಹರಡಿಕೊಳ್ಳುತ್ತದೆ.

ರಾಶಿಯ ಸುತ್ತಳತೆ 9 ಮೀಟರ್ ಇದ್ದರೆ ಎತ್ತರ 1 ಮೀಟರ್. ಒಂಬತ್ತರ ಆರನೇ ಒಂದು 1.5, ಅದರ ವರ್ಗ 2.25. ಅಂದರೆ 2.25 ಘನ ಮೀಟರ್, 2250 ಲೀಟರ್. ಒಂದು 20 ಲೀಟರ್ ಬಕೆಟ್ ತುಂಬಿ ಸವರಿ ತೂಗಿದಾಗ ಹನ್ನೊಂದೂವರೆ ಕೆ.ಜಿ. ಬಂತು ಅನ್ನಿ, ರಾಶಿಯಲ್ಲಿ ಸುಮಾರು 13 ಕ್ವಿಂಟಾಲ್ ಇದೆ. ಒಂದು ಹಗ್ಗ, ಒಂದು ಬಕೆಟ್, ಒಂದು ತಕ್ಕಡಿ. ಒಂಬೈನೂರು ವರ್ಷದ ಹಿಂದಿನ ಲೆಕ್ಕ ಇವತ್ತಿನ ಕಣದಲ್ಲೂ ನಡೆಯುತ್ತದೆ ಎಂಬುದು ನನಗೆ ಪ್ರತಿ ಸಲವೂ ಮೈ ಜುಮ್ಮೆನ್ನಿಸುತ್ತದೆ.

ತಕ್ಕಡಿ ಇದ್ದರೆ ಕೆಲಸ ಸುಲಭ

ತಕ್ಕಡಿ ಕೈಯಲ್ಲಿದ್ದರೆ ಗಾತ್ರದ ಗೊಡವೆಯೇ ಬೇಡ. ನೂರು ಅಡಿಕೆ ಎಣಿಸಿ ತೂಗಿ. 800 ಗ್ರಾಂ ಬಂದರೆ 50 ಕೆ.ಜಿ. ಚೀಲದಲ್ಲಿ 6250 ಅಡಿಕೆ. ಬಿತ್ತನೆ ಭತ್ತದಲ್ಲಿ ಇದೇ ಲೆಕ್ಕವನ್ನು ಕೃಷಿ ವಿಜ್ಞಾನದವರು ‘ಸಾವಿರ ಕಾಳಿನ ತೂಕ’ ಅನ್ನುತ್ತಾರೆ. ಸಾವಿರ ಕಾಳು 25 ಗ್ರಾಂ ತೂಗಿದರೆ ಒಂದು ಕೆ.ಜಿ.ಯಲ್ಲಿ 40,000 ಕಾಳು.

ಕಾಳುಮೆಣಸಿನವರಿಗೆ ತೂಕ ಮತ್ತು ಗಾತ್ರ ಎರಡೂ ಬೇಕು. ಅಲ್ಲಿ ‘ಲೀಟರ್ ತೂಕ’ ನೋಡುತ್ತಾರೆ: ಒಂದು ಲೀಟರ್ ಅಳತೆಯಲ್ಲಿ ಹಿಡಿದ ಮೆಣಸು 500 ಗ್ರಾಂ ತೂಗುತ್ತದೆಯೋ, 550 ತೂಗುತ್ತದೆಯೋ? ಸಂದಿಯ ಗಾಳಿ ಎರಡರಲ್ಲೂ ಹೆಚ್ಚು ಕಡಿಮೆ ಅಷ್ಟೇ. ಹಾಗಿದ್ದೂ ಒಂದು ಹಗುರ ಎಂದರೆ ಕಾಳಿನೊಳಗೇ ಟೊಳ್ಳಿದೆ ಎಂದರ್ಥ, ಅಂದರೆ ಜೊಳ್ಳು ಹೆಚ್ಚು.

ಮಾದರಿ ತೆಗೆಯುವಾಗ ಒಂದು ಎಚ್ಚರ ಬೇಕು. ಅವಲಕ್ಕಿ ಮಿಕ್ಸ್ಚರ್ ಡಬ್ಬಿ ತೆರೆದರೆ ಶೇಂಗಾ ಎಲ್ಲ ಮೇಲೆ, ಪುಡಿ ಎಲ್ಲ ತಳದಲ್ಲಿ ಇರುತ್ತದೆ. ಅಲುಗಾಡಿದಾಗ ದೊಡ್ಡದರ ಅಡಿಯ ಸಂದಿಗೆ ಸಣ್ಣದು ನುಸುಳುತ್ತದೆ, ದೊಡ್ಡದು ಮತ್ತೆ ಕೆಳಗಿಳಿಯಲು ಜಾಗ ಇರುವುದಿಲ್ಲ. ಘಾಟಿ ರಸ್ತೆಯಲ್ಲಿ ಕುಲುಕಾಡಿ ಬಂದ ಚೀಲದಲ್ಲೂ ಇದೇ ಆಗುತ್ತದೆ. ಮೇಲಿನ ನೂರು ಅಡಿಕೆ ತೂಗಿ ಲೆಕ್ಕ ಹಾಕಿದರೆ ಅವು ದಪ್ಪದವೇ ಆಗಿರುವ ಸಾಧ್ಯತೆ ಹೆಚ್ಚು, ಹಾಗಾಗಿ ಒಟ್ಟು ಸಂಖ್ಯೆ ಕಡಿಮೆ ಬರುತ್ತದೆ. ಮೇಲೆ, ನಡು, ತಳ ಮೂರೂ ಕಡೆಯಿಂದ ಹಿಡಿ ಹಿಡಿ ತೆಗೆದು ಬೆರೆಸಬೇಕು.

ಏಳು ಬಾಂಡ್ಲಿ ಸೇರಿ ನಾಲ್ಕೂವರೆ

ಮನೆ ಕಟ್ಟಿಸಿದವರು ಇದನ್ನು ನೋಡಿರುತ್ತಾರೆ. ಒಂದು ಬಾಂಡ್ಲಿ ಸಿಮೆಂಟು, ಎರಡು ಮರಳು, ನಾಲ್ಕು ಜಲ್ಲಿ. ಒಟ್ಟು ಏಳು. ನೀರು ಹಾಕಿ ಕಲಸಿ ತುಂಬಿದ ಕಾಂಕ್ರೀಟು ಸುಮಾರು ನಾಲ್ಕೂವರೆ ಬಾಂಡ್ಲಿಯೇ ಆಗುತ್ತದೆ. ಉಳಿದದ್ದು ಎಲ್ಲೂ ಹೋಗಿಲ್ಲ. ಜಲ್ಲಿಯ ಸಂದಿಗೆ ಮರಳು ಇಳಿಯಿತು, ಮರಳಿನ ಸಂದಿಗೆ ಸಿಮೆಂಟು, ನೀರು ಇಳಿದವು. ಅಳತೆ ಬೇರೆ ಬೇರೆ ಇರುವ ವಸ್ತುಗಳನ್ನು ಬೆರೆಸಿದಾಗ ತುಂಬಿದ ಪಾಲು 74ನ್ನೂ ದಾಟುತ್ತದೆ. ಭರಣಿಯಲ್ಲಿ ಇಡಿ ಅಡಿಕೆಯ ಜೊತೆ ಚೂರುಗಳೂ ಇದ್ದರೆ 58 ಎಂಬ ಸಂಖ್ಯೆ ಕೆಲಸಕ್ಕೆ ಬರುವುದಿಲ್ಲ.

ಹಲವರ ಅಂದಾಜು

1906ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನ ಒಂದು ಜಾನುವಾರು ಪ್ರದರ್ಶನದಲ್ಲಿ ಎತ್ತಿನ ಮಾಂಸದ ತೂಕ ಊಹಿಸುವ ಸ್ಪರ್ಧೆ ನಡೆಯಿತು. ಫ್ರಾನ್ಸಿಸ್ ಗಾಲ್ಟನ್ ಎಂಬ ವಿಜ್ಞಾನಿ ಆ 787 ಚೀಟಿಗಳನ್ನು ಪಡೆದು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ಸರಿಯಾಗಿ ನಡುವಿನ ಚೀಟಿ ನೋಡಿದರು. 1207 ಪೌಂಡ್ ಎಂದಿತ್ತು. ನಿಜವಾದ ತೂಕ 1198. ಕೆಲವರು ಹೆಚ್ಚು ಹೇಳುತ್ತಾರೆ, ಕೆಲವರು ಕಡಿಮೆ ಹೇಳುತ್ತಾರೆ, ತಪ್ಪುಗಳು ಒಂದನ್ನೊಂದು ಹೊಡೆದು ಹಾಕುತ್ತವೆ. ಇದಕ್ಕೆ ಒಂದು ಷರತ್ತು ಇದೆ. ಪ್ರತಿಯೊಬ್ಬರೂ ಪಕ್ಕದವರ ಚೀಟಿ ನೋಡದೆ ಬರೆಯಬೇಕು. ಊರಿನ ಹಿರಿಯರೊಬ್ಬರು ಗಟ್ಟಿಯಾಗಿ ‘ಸಾವಿರ ಇರಬಹುದು’ ಅಂದುಬಿಟ್ಟರೆ ಆಮೇಲಿನ ಚೀಟಿಗಳೆಲ್ಲ ಸಾವಿರದ ಸುತ್ತಲೇ ಸುತ್ತುತ್ತವೆ.

ಸಾಸಿವೆ ಡಬ್ಬಿ

ಇಷ್ಟೆಲ್ಲ ಕೇಳಿದ ಮೇಲೆ ಸೊಸೆ ಅಡುಗೆಮನೆಯಿಂದ ಅರ್ಧ ಲೀಟರಿನ ಸಾಸಿವೆ ಡಬ್ಬಿ ತಂದಳು. 20 ಕಾಳನ್ನು ಸ್ಕೇಲಿನ ಅಂಚಿಗೆ ಸಾಲಾಗಿ ಇಟ್ಟಳು, ಎರಡು ಸಲ ಉಸಿರಿಗೇ ಹಾರಿಹೋದವು. ಮೂರನೇ ಸಲ 38 ಮಿಲಿಮೀಟರ್ ಬಂತು, ಕಾಳಿಗೆ 1.9. ತುಂಬಿದ ಪಾಲು 62 ಇಟ್ಟುಕೊಂಡಳು, ಕಾಳು ಸಣ್ಣದು, ಗೋಡೆಯ ತೊಂದರೆ ಇಲ್ಲ ಎಂದು ಅವಳೇ ಕಾರಣ ಕೊಟ್ಟಳು. ಲೆಕ್ಕ ಸುಮಾರು 86,000ಕ್ಕೆ ಬಂದು ನಿಂತಿತು.

“ಇಷ್ಟನ್ನು ಯಾರು ಎಣಿಸ್ತಾರೆ ಮಾವ, ಸರಿ ಅಂತ ಗೊತ್ತಾಗೋದು ಹೇಗೆ?”

ಔಷಧಿ ಬಾಟಲಿಯ ಜೊತೆ ಬರುವ 5 ಮಿಲಿಲೀಟರ್ ಅಳತೆ ಚಮಚ ಕೊಟ್ಟೆ. ಅಂಥ ನೂರು ಚಮಚ ಸೇರಿದರೆ ಡಬ್ಬಿ ತುಂಬುತ್ತದೆ. ಒಂದು ಚಮಚ ತುಂಬಿ, ಬೆರಳಿನಿಂದ ಸವರಿ, ಬಿಳಿ ತಟ್ಟೆಗೆ ಸುರಿದುಕೊಂಡು ಅವಳು ಜಗಲಿಯಲ್ಲಿ ಕೂತಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಎದ್ದು ಬಂದು ಹೇಳಿದಳು: “ಎಂಟುನೂರ ಹನ್ನೆರಡು.”